ಸೈಕಲ್ ಇಳಿಯುವ ಮರ್ಯಾದೆ

ಅರ್ಜಿ ಬರೆಯುವುದು ನನ್ನ ಚಟ. ಬೇರೆಯವರಿಗೆ ಬೆಳಗಿನ ಚಹಾ ಹೇಗೋ ನನಗೆ ಅರ್ಜಿ ಹಾಗೆ. ಯಾರನ್ನಾದರೂ ಹೊಣೆಗಾರರನ್ನಾಗಿ ಮಾಡದ ಹೊರತು ನನ್ನ ದಿನ ಆರಂಭವಾಗುವುದಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವನಿಗೆ ನೌಕರಿ ಸಿಗುವುದು ತಡವಾಗಬಹುದು, ಆದರೆ ಕಾರಣಕ್ಕೂ ಪರಿಣಾಮಕ್ಕೂ ಗಂಟು ಹಾಕುವ ವಿದ್ಯೆ ಬೇಗ ಕೈಹತ್ತುತ್ತದೆ. ಬೀದಿದೀಪ ಹಗಲಿನಲ್ಲಿ ಉರಿದರೆ ಒಂದು ಅರ್ಜಿ, ಸಂಜೆ ಉರಿಯದಿದ್ದರೆ ಇನ್ನೊಂದು. ‘ಮಾನ್ಯರೇ’ ಎಂದು ಮೆತ್ತಗೆ ಆರಂಭಿಸಿ, ಎರಡನೆಯ ಪ್ಯಾರಾದಲ್ಲಿ ದನಿ ಏರಿಸಿ, ‘ಇಂತಿ ತಮ್ಮ ವಿಶ್ವಾಸಿ’ ಎಂದು ವಿಶ್ವಾಸದ ಲವಲೇಶವೂ ಇಲ್ಲದೆ ಸಹಿ ಮಾಡಿ, ಅದರ ಕೆಳಗೆ ನನಗೆ ಪರಮಪ್ರಿಯವಾದ ಭಾಗವನ್ನು ಬರೆಯುತ್ತೇನೆ. ಅದರ ಹೆಸರು ‘ಪ್ರತಿಗಳು’. ಒಬ್ಬ ಅಧಿಕಾರಿ ಮಲಗಿದ್ದರೆ ಇನ್ನೊಬ್ಬನಾದರೂ ಎದ್ದಿರಲಿ ಎಂಬ ಆಶೆಯಿಂದ ಐದಾರು ಕಚೇರಿಗಳಿಗೆ ಒಂದೇ ಕಾಗದದ ನಕಲು ಕಳಿಸುವುದು ಪ್ರಜಾಪ್ರಭುತ್ವದ ನಿತ್ಯಪೂಜೆಯೆಂದೇ ನಂಬಿದ್ದವನು ನಾನು.

ನಿಮ್ಮೆದುರು ಒಂದು ಮಾತನ್ನು ಒಪ್ಪಿಕೊಂಡುಬಿಡುತ್ತೇನೆ. ಇಷ್ಟು ವರ್ಷಗಳ ನನ್ನ ಅರ್ಜಿಗಳಲ್ಲಿ ಫಲ ಕೊಟ್ಟದ್ದು ಒಂದೇ ಒಂದು, ಮತ್ತು ಅದು ನನ್ನ ಗೆಳೆಯ ಈರಣ್ಣನ ನೌಕರಿಯ ಬುಡಕ್ಕೆ ಕೊಡಲಿ ಹಾಕಿತು.

ಈರಣ್ಣ ಗದಗಿಗೆ ಅಂಟಿಕೊಂಡ ಬೆಟಗೇರಿಯವನು. ಬಟ್ಟೆ ವ್ಯಾಪಾರದ ಮನೆತನ. ಮನೆಯಲ್ಲಿ ಎಲ್ಲರೂ ಗಜದ ಕೋಲು ಹಿಡಿದರೆ ಇವನೊಬ್ಬ ಪುಸ್ತಕ ಹಿಡಿದ. ಅಂತೂರ ಬೆಂತೂರ ಎಂಬ ಊರುಗಳನ್ನು ದಾಟಿ ಇನ್ನೊಂದಿಷ್ಟು ಮುಂದೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ ಅವನು ಗ್ರಂಥಾಲಯದ ಮೇಲ್ವಿಚಾರಕ. ಹಳ್ಳಿಯ ಹೆಸರು ಹೇಳುವುದಿಲ್ಲ. ನನ್ನ ಬರವಣಿಗೆಯಿಂದ ಅವನಿಗೆ ಬಂದ ನೋಟೀಸು ಒಂದೇ ಸಾಕು. ಗ್ರಂಥಾಲಯದ ಬಾಗಿಲು ಒಂಬತ್ತಕ್ಕೆ ತೆರೆಯಬೇಕು. ಆದರೆ ಆ ಕಡೆಗೆ ಹೋಗುವ ಬೆಳಗಿನ ಬಸ್ಸು ವೇಳಾಪಟ್ಟಿಯಲ್ಲಿ ಮಾತ್ರ ಓಡುತ್ತದೆ. ಅದನ್ನು ಬಿಟ್ಟರೆ ಟಂಟಂ ಎಂಬ ಮೂರು ಗಾಲಿಯ ಬಾಡಿಗೆ ಗಾಡಿ. ಕೊನೆಯ ಪ್ರಯಾಣಿಕ ಚಾಲಕನ ತೊಡೆಯ ಮೇಲೆ ಕೂರುವತನಕ ಅದು ಕದಲುವುದಿಲ್ಲ. ಮನೆಯ ಮೋಟರ್ ಸೈಕಲ್ಲು ಬೆಳಗಾದರೆ ಅಣ್ಣನ ವ್ಯಾಪಾರದ ಸುತ್ತಾಟಕ್ಕೆ ಹೋಗಿರುತ್ತದೆ. ಹೀಗಾಗಿ ಹಳ್ಳಿಯವರು ಒಂಬತ್ತಕ್ಕೆ ಬಂದು ಬೀಗ ನೋಡಿ ಹೋಗುತ್ತಿದ್ದರು. ಈರಣ್ಣ ಹತ್ತೂವರೆಗೆ ಬಂದು ಬೀಗ ತೆರೆಯುತ್ತಿದ್ದ.

ನಾನು ಸುಮ್ಮನಿರುವವನೇ? ಬಸ್ಸಿನ ಮೇಲೆ ಎರಡು ಪುಟದ ಅರ್ಜಿ ಬರೆದೆ. ಪುರಾವೆಗಾಗಿ ಒಂದು ವಾಕ್ಯ ಸೇರಿಸಿದೆ: ‘ಸದರಿ ಬಸ್ಸು ಬಾರದ ಕಾರಣ ಗ್ರಾಮದ ಗ್ರಂಥಾಲಯವು ಒಂಬತ್ತರ ಬದಲು ಹತ್ತೂವರೆಗೆ ತೆರೆಯುತ್ತಿರುವುದು ಸಾರ್ವಜನಿಕ ಹಿತದೃಷ್ಟಿಯಿಂದ ಅತ್ಯಂತ ವಿಷಾದನೀಯ.’ ಬಸ್ಸಿನವರು ಯಥಾಪ್ರಕಾರ ಉತ್ತರಿಸಲಿಲ್ಲ. ಆದರೆ ಪ್ರತಿಗಳಲ್ಲಿ ಒಂದು, ಎಲ್ಲಿಗೆ ಹೋಗಬಾರದಿತ್ತೋ ಅಲ್ಲಿಗೆ ಹೋಗಿ, ಯಾರು ಓದಬಾರದಿತ್ತೋ ಅವರಿಂದ ಓದಿಸಿಕೊಂಡಿತು. ಹದಿನೈದು ದಿನಕ್ಕೆ ಈರಣ್ಣ ನನ್ನ ಮನೆಗೆ ಬಂದು, ಒಂದು ಕಾಗದವನ್ನು ನನ್ನ ಮಡಿಲಿಗೆ ಹಾಕಿ ಕುಳಿತ.

“ಓದಲೇ,” ಎಂದ.

ಓದಿದೆ. ತಿಂಗಳೊಳಗಾಗಿ ಯಾವ ದಿನವಾದರೂ ಖುದ್ದು ಪರಿಶೀಲನೆ ನಡೆಯುವುದು, ಅಂದು ಒಂಬತ್ತಕ್ಕೆ ಬಾಗಿಲು ತೆರೆದಿರದಿದ್ದಲ್ಲಿ ಸೇವೆಯಿಂದ ಕೈಬಿಡಲಾಗುವುದು ಎಂದಿತ್ತು. ನಡುವೆ ನನ್ನ ವಾಕ್ಯ, ಅರ್ಧಕ್ಕೆ ಕತ್ತರಿಸಿದ ಸ್ಥಿತಿಯಲ್ಲಿ. ‘ಸದರಿ ಬಸ್ಸು ಬಾರದ ಕಾರಣ’ ಎಂಬ ನಾಲ್ಕು ಶಬ್ದಗಳನ್ನು ಮಾತ್ರ ತೆಗೆದಿದ್ದರು.

“ನಿನ್ನ ಬಿಟ್ರ ಈ ಊರಾಗ ‘ಅತ್ಯಂತ ವಿಷಾದನೀಯ’ ಅಂತ ಬರಿಯೋರು ಮತ್ತ ಯಾರದಾರ?”

“ನಾ ಬಸ್ಸಿನ ಮ್ಯಾಲೆ ಬರದಿದ್ದೆ ಈರ್ಯಾ.”

“ಬಸ್ಸಿಗೆ ನೋಟೀಸ ಕೊಡಾಕ ಬರೂದಿಲ್ಲ. ನನಗ ಕೊಡಾಕ ಬರತೈತಿ. ಕೊಟ್ಟಾರ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬಚಾವಾಗುತ್ತಿದ್ದೆ. “ಮನ್ಯಾಗ ಹೇಳಿಲ್ಲ. ಹೇಳಿದ್ರ ನಾಳಿಂದ ಅಂಗಡಿಗೆ ಬಾ ಅಂತಾರ. ಅಲ್ಲಿ ಕುಂತ್ರ ನಾ ಸೀರಿ ಮಡಚಗೋತನ ಮುದುಕ ಆಗತೇನಿ.”

ಈ ಮಾತು ನನ್ನ ಎದೆಗೆ ತಾಗಿತು. ನಾನು ಬಸ್ಸನ್ನು ಹೊಣೆಗಾರನನ್ನಾಗಿಸಲು ಹೊರಟು, ಬಸ್ಸಿಗೆ ಕಾಯುವವನನ್ನು ಹೊಣೆಗಾರನನ್ನಾಗಿಸಿದ್ದೆ. ಇದಕ್ಕೆ ಪರಿಹಾರವನ್ನು ನಾನೇ ಕಂಡುಹಿಡಿಯಬೇಕಾಗಿತ್ತು. ಕಂಡುಹಿಡಿದೆ ಕೂಡ: ಸೈಕಲ್ಲು.

ನಾನು ಸೈಕಲ್ಲಿನ ಬಗ್ಗೆ ಮಾತನಾಡಲು ಅರ್ಹನೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎರಡು ವರ್ಷದ ಹಿಂದೆ ಪರಿಸರದ ಮೇಲಿನ ಪ್ರೀತಿ ಉಕ್ಕಿ ಗೇರಿನ ಸೈಕಲ್ಲೊಂದನ್ನು ಕೊಂಡು, ಎಂಟು ದಿನ ಓಡಿಸಿ, ಒಂಬತ್ತನೆಯ ದಿನದಿಂದ ಅದರ ಬಗ್ಗೆ ಲೇಖನ ಬರೆಯುತ್ತ ಬಂದವನು ನಾನು. ಆದರೂ ಈರಣ್ಣನ ಮುಂದೆ ಒಂದು ಗಂಟೆ ಉಪನ್ಯಾಸ ಮಾಡಿದೆ. ಹೃದಯಕ್ಕೆ ಒಳ್ಳೆಯದು ಎಂದೆ. ಮೊಣಕಾಲಿಗೆ ಒಳ್ಳೆಯದು ಎಂದೆ. ಸೈಕಲ್ ಸವಾರ ಯಾವ ಬಸ್ಸಿನ ಗುಲಾಮನೂ ಅಲ್ಲ, ಯಾವ ಟಂಟಂ ಚಾಲಕನ ಋಣಿಯೂ ಅಲ್ಲ, ಅವನು ಮನುಕುಲದ ಏಕೈಕ ಸ್ವತಂತ್ರ ಪ್ರಾಣಿ ಎಂದೆ. ಈರಣ್ಣ ಎಲ್ಲವನ್ನೂ ಕೇಳಿ, “ದೊಡ್ಡವರು ಏನಂತಾರೋ,” ಎಂದಷ್ಟೇ ಹೇಳಿದ. ಆ ಮಾತಿನ ಆಳ ನನಗೆ ಆಗ ತಿಳಿಯಲಿಲ್ಲ. ಬಡತನ ಬಂತೆಂದು ಜನ ಆಡಿಕೊಂಡಾರೆಂಬ ಅಂಜಿಕೆ ಇರಬೇಕು ಎಂದುಕೊಂಡು, ಶ್ರಮದ ಘನತೆಯ ಮೇಲೆ ಇನ್ನರ್ಧ ಗಂಟೆ ಮಾತನಾಡಿದೆ. ಕೊನೆಗೆ ಅವನು ಸುಸ್ತಾಗಿ ಒಪ್ಪಿದ.

ಅವರ ಮನೆಯ ಹಿಂದಿನ ಕೋಣೆಯಲ್ಲಿ ಅವನ ತಂದೆಯ ಕಾಲದ ಕರಿ ಸೈಕಲ್ಲಿತ್ತು. ಎತ್ತರದ ಸೈಕಲ್ಲು. ಟೈರು ಹಾಕಿಸಿ, ಎಣ್ಣೆ ಬಿಟ್ಟು, ಬೆಲ್ಲಿನ ತುಕ್ಕು ತಿಕ್ಕಿದೆವು. ಹನ್ನೆರಡು ಕಿಲೋಮೀಟರು ದಾರಿ. ಎಷ್ಟು ಮೆಲ್ಲಗೆ ತುಳಿದರೂ ಒಂದೂಕಾಲು ಗಂಟೆ. ಏಳೂಕಾಲಿಗೆ ಹೊರಟರೆ ಎಂಟೂವರೆಗೆ ಮುಟ್ಟಿ, ಬೆವರು ಒರೆಸಿಕೊಂಡು, ಪತ್ರಿಕೆಗಳನ್ನು ಹರವಿ, ಒಂಬತ್ತಕ್ಕೆ ರಾಜನಂತೆ ಕೂರಬಹುದು. ಲೆಕ್ಕ ಇಷ್ಟು ಸರಳವಾಗಿತ್ತು.

ಮೊದಲ ದಿನ ಅವನು ಮುಟ್ಟಿದ್ದು ಒಂಬತ್ತು ನಲವತ್ತಕ್ಕೆ. ಹೊಸದು, ಆಗುತ್ತದೆ ಎಂದೆ. ಎರಡನೆಯ ದಿನ ಒಂಬತ್ತು ನಲವತ್ತೈದು. ಮೂರನೆಯ ದಿನ ಹತ್ತಕ್ಕೆ ಐದು ಕಮ್ಮಿ. ಅಭ್ಯಾಸದಿಂದ ವೇಗ ಕಡಿಮೆಯಾಗುವ ವ್ಯಾಯಾಮ ಜಗತ್ತಿನಲ್ಲಿ ಇದೊಂದೇ ಇರಬೇಕು. ಇನ್ನೂ ಬೇಗ ಹೊರಡು ಎಂದು ಗದರಿದೆ. ಆರಕ್ಕೆ ಹೊರಟ, ಮುಟ್ಟಿದ್ದು ಒಂಬತ್ತೂಕಾಲಿಗೆ. ಪರಿಶೀಲನೆಯವರು ಇನ್ನೂ ಬಂದಿರಲಿಲ್ಲವೆಂಬುದೇ ಪುಣ್ಯ. ಕಾರಣ ಕೇಳಿದರೆ ಅವನು “ದಾರ್‍ಯಾಗ ಸ್ವಲ್ಪ ಆತು” ಎನ್ನುತ್ತಿದ್ದ. ಸ್ವಲ್ಪ ಏನಾಯಿತು ಎಂಬುದನ್ನು ಸ್ಥಳದಲ್ಲೇ ಪರೀಕ್ಷಿಸಲು ನಿರ್ಧರಿಸಿ, ಐದನೆಯ ದಿನ ನನ್ನ ಗೇರಿನ ಸೈಕಲ್ಲಿನ ಧೂಳು ಕೊಡವಿ ಅವನ ಹಿಂದೆ ಹೊರಟೆ.

ಬೆಟಗೇರಿಯ ಪೇಟೆಯಲ್ಲಿ ಅಂಗಡಿಗಳ ಮುಂದೆ ಆಗಷ್ಟೇ ನೀರು ಹೊಡೆಯುತ್ತಿದ್ದರು. ನೂರು ಮಾರು ಹೋಗಿರಲಿಲ್ಲ, ಈರಣ್ಣ ಬಲಗಾಲನ್ನು ಹಿಂದಿನಿಂದ ಬೀಸಿ, ಎಡ ಪೆಡಲಿನ ಮೇಲೆ ಒಂದು ಕ್ಷಣ ನಿಂತು, ಹಂಸದಂತೆ ನೆಲಕ್ಕಿಳಿದ. ಚೈನು ಕಳಚಿತೇ ಎಂದು ನೋಡಿದೆ. ಇಲ್ಲ. ಎದುರಿಗೆ ಅಂಗಡಿಯ ಕಟ್ಟೆಯ ಮೇಲೆ ಅವನ ದೊಡ್ಡಪ್ಪ ಕುಳಿತಿದ್ದರು.

“ನಮಸ್ಕಾರ್‍ರಿ ದೊಡ್ಡಪ್ಪ.”

“ದೂರ ಹೊಂಟಿ?” ಎಂದರು ಅವರು. ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದು ಅಪಶಕುನ. ದೂರವೇ ಎಂದು ಕೇಳಬೇಕು. ಎಲ್ಲಿಗೆ ಎಂದಿದ್ದರೆ ಊರ ಹೆಸರು ಹೇಳಿ ಮುಗಿಸಬಹುದಿತ್ತು. ದೂರವೇ ಎಂದರೆ ಹೌದೆನ್ನಬೇಕು, ಎಷ್ಟು ಎನ್ನಬೇಕು, ಯಾಕೆ ಎನ್ನಬೇಕು. ನಿನ್ನೆಯೂ ಕೇಳಿದ್ದರು, ಮೊನ್ನೆಯೂ ಕೇಳಿದ್ದರು. ಆಮೇಲೆ ಚಹಾ ಬಂತು. ಚಹಾದ ಜೊತೆ, ಮುಂಡರಗಿ ಕಡೆಯಿಂದ ಬಂದ ಒಂದು ಹೆಣ್ಣಿನ ಸಂಬಂಧದ ಪ್ರಸ್ತಾಪ ಬಂತು. ನಂತರ ಈರಣ್ಣ ಸೈಕಲ್ಲನ್ನು ತಳ್ಳಿಕೊಂಡು ನಡೆಯತೊಡಗಿದ. ಹತ್ತು ಎಂದೆ. ಹತ್ತಲು ಅವನಿಗೆ ಎತ್ತರದ ಕಲ್ಲೋ ಕಟ್ಟೆಯೋ ಬೇಕು. ಇಳಿಯುವುದನ್ನು ತಂದೆಯಿಂದ ಕಲಿತಿದ್ದ. ಹತ್ತುವುದನ್ನು ಯಾರೂ ಕಲಿಸಿರಲಿಲ್ಲ. ಕಲ್ಲು ಸಿಕ್ಕಿ, ಹತ್ತಿ, ಐವತ್ತು ಮಾರು ಹೋಗುವಷ್ಟರಲ್ಲಿ ಚಿಕ್ಕಪ್ಪನ ಅಂಗಡಿ ಬಂತು.

ದಾರಿಯುದ್ದಕ್ಕೂ ಇದೇ ಕಥೆ. ಸೋದರಮಾವನಿಗೆ ಇಳಿದ. ಮಠದ ಅಗಸಿಬಾಗಿಲಿಗೆ ಇಳಿದು ಚಪ್ಪಲಿಯನ್ನೂ ಬಿಟ್ಟ. ಎರಡು ಗುಡಿಗಳಿಗೆ ಇಳಿದ. ಶಿರಹಟ್ಟಿಯ ಬೀಗರೊಬ್ಬರು ಬಸ್ಸಿಗೆ ನಿಂತಿದ್ದರು. ಅವರಿಗೆ ಇಳಿದು, ಅವರ ಬಸ್ಸು ಬರುವವರೆಗೂ ನಿಂತ. ಬೀಗರು ಬಸ್ಸಿನಲ್ಲಿ ಹೋದರು, ಬಸ್ಸಿಗಾಗಿ ಕಾಯಬಾರದೆಂದು ಸೈಕಲ್ಲು ಹತ್ತಿದವನು ಅವರ ಬಸ್ಸು ಕಾಯ್ದ. ಗದಗ ದಾಟಿ ಹೊಲಗಳು ಆರಂಭವಾಗುವ ತಿರುವಿನಲ್ಲಿ, ಇನ್ನು ಯಾರೂ ಇಲ್ಲವೆಂದು ನಾನು ಉಸಿರು ಬಿಡುವಷ್ಟರಲ್ಲಿ, ಕೈಯಲ್ಲಿ ಕೋಲು ಹಿಡಿದು ವಾಯುವಿಹಾರಕ್ಕೆ ಬಂದ ನಿವೃತ್ತ ಮಾಸ್ತರು ಕಾಣಿಸಿದರು. ಹೈಸ್ಕೂಲಿನಲ್ಲಿ ನಮ್ಮಿಬ್ಬರಿಗೂ ಇತಿಹಾಸ ಕಲಿಸಿದವರು. ಈರಣ್ಣನ ಬಲಗಾಲು ಆಗಲೇ ಗಾಳಿಯಲ್ಲಿತ್ತು.

ಅಂದು ಅವನು ಹನ್ನೊಂದು ಸಲ ಇಳಿದ. ಹನ್ನೆರಡು ಕಿಲೋಮೀಟರಿಗೆ ಹನ್ನೊಂದು. ಆರಕ್ಕೆ ಹೊರಟರೂ ಯಾಕೆ ತಡವಾಗುತ್ತಿತ್ತು ಎಂಬುದೂ ಆಗ ಹೊಳೆಯಿತು. ಮನುಷ್ಯನಿಗೆ ವಯಸ್ಸಾದಷ್ಟೂ ನಿದ್ದೆ ಕಡಿಮೆ. ಆರು ಗಂಟೆಗೆ ರಸ್ತೆಯಲ್ಲಿರುವವರೆಲ್ಲ ಹಿರಿಯರೇ, ಮತ್ತು ಅವರಲ್ಲಿ ಯಾರಿಗೂ ಅವಸರವಿರುವುದಿಲ್ಲ.

ಹೊಲದ ಬದುವಿನ ಪಕ್ಕದಲ್ಲಿ ಸೈಕಲ್ಲು ನಿಲ್ಲಿಸಿ ನಾನು ಸ್ಫೋಟಿಸಿದೆ.

“ನಿನಗ ನೌಕರಿ ಬೇಕೋ ಬ್ಯಾಡೋ?”

“ಬೇಕು.”

“ಮತ್ತ ಯಾಕ ಇಳೀತಿ?”

“ಹಿರೇರ ಮುಂದ ಸೈಕಲ್ ಮ್ಯಾಲೆ ಕುಂತ ಹೋಗಾಕ ಬರತೈತೇನಲೇ? ನಮ್ಮಪ್ಪ ಒಂದಿನಾನೂ ಹೋಗಿಲ್ಲ.”

“ನಿಮ್ಮಣ್ಣ ಮೋಟರ್ ಸೈಕಲ್ ಮ್ಯಾಲೆ ಇದ ದಾರ್‍ಯಾಗ ದಿನಾ ಹೋಗ್ತಾನ. ಅಂವ ಇಳೀತಾನೇನು?”

ಈರಣ್ಣ ನನ್ನನ್ನು ಕನಿಕರದಿಂದ ನೋಡಿದ. “ಅಂವ ಮತ್ತ ಕಿಕ್ ಹೊಡೀಬೇಕಲ್ಲ, ಪಾಪ.”

ನಾನು ವಿಶ್ವವಿದ್ಯಾಲಯದಲ್ಲಿ ಕಲಿತ ಯಾವ ಸಿದ್ಧಾಂತವೂ ನನ್ನನ್ನು ಈ ಉತ್ತರಕ್ಕೆ ಸಜ್ಜುಗೊಳಿಸಿರಲಿಲ್ಲ. ಆದರೆ ಯೋಚಿಸಿದಷ್ಟೂ ಅದರೊಳಗೆ ನಮ್ಮ ನಾಡಿನ ಸಮಗ್ರ ಆಡಳಿತಶಾಸ್ತ್ರವೇ ಅಡಗಿದೆ ಅನ್ನಿಸಿತು. ಲಕ್ಕುಂಡಿಯ ಕಡೆ ಹೋದರೆ ನೋಡಿ, ಗುಡಿಗಳ ಆವರಣದಲ್ಲಿ ವೀರಗಲ್ಲುಗಳು ನಿಂತಿರುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ವೀರ ಕುದುರೆಯ ಮೇಲೆ ಕಾದುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಒಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ಅಲ್ಲಿ ಕುದುರೆ ಇಲ್ಲ. ಕುದುರೆಯಿಂದ ಇಳಿಯಲು ಅವನು ಸಾಯಬೇಕಾಯಿತು ಎಂಬುದನ್ನು ನಾವು ಗಮನಿಸುವುದಿಲ್ಲ. ಏರಿದವರು ಬದುಕಿರುವಾಗ ಇಳಿದ ಪ್ರಸಂಗಗಳು ಚರಿತ್ರೆಯಲ್ಲಿ ವಿರಳ. ಮೇನೆಯಲ್ಲಿ ಕುಳಿತವನಿಗೆ ದಾರಿಹೋಕ ಬಾಗಬೇಕಿತ್ತು, ಎತ್ತಿನ ಗಾಡಿಯವನು ಪಕ್ಕಕ್ಕೆ ಸರಿಯಬೇಕಿತ್ತು. ಇಂದು ಕೆಂಪು ಅಕ್ಷರದ ಫಲಕವಿರುವ ಜೀಪು ಯಾವ ಮಾಸ್ತರ ಮುಂದೆ ನಿಂತಿದೆ? ಎಂಜಿನ್ನಿಗೆ ವಿನಾಯಿತಿ, ಕಾಲಿಗೆ ಕಟ್ಟಳೆ. ಗೌರವ ಸಲ್ಲಿಸುವ ಹೊಣೆಯನ್ನು ಸಮಾಜ ಯಾವಾಗಲೂ ಸುಲಭವಾಗಿ ಇಳಿಯಬಲ್ಲವರ ಹೆಗಲಿಗೇ ಹಾಕಿದೆ. ಇದನ್ನೆಲ್ಲ ಈರಣ್ಣನಿಗೆ ವಿವರಿಸುತ್ತಿದ್ದಾಗ ಎತ್ತುಗಳನ್ನು ಹೊಡೆದುಕೊಂಡು ಒಬ್ಬ ಮುದುಕರು ಬಂದರು. ನಾವಿಬ್ಬರೂ ಆಗಲೇ ನೆಲದ ಮೇಲೆ ನಿಂತಿದ್ದರಿಂದ ಅದು ಹನ್ನೆರಡನೆಯದೆಂದು ಲೆಕ್ಕಕ್ಕೆ ಬರಲಿಲ್ಲ.

ಬೇರೆ ದಾರಿಯಿಂದ ಕಳಿಸಿ ನೋಡಿದೆ. ಪೇಟೆ ತಪ್ಪಿಸಿ, ಮತ್ತೆ ಏಳೂಕಾಲಿಗೇ, ಊರ ಹೊರಗಿನ ಸುತ್ತು ರಸ್ತೆಯಲ್ಲಿ. ಒಂದೇ ದಿನ. ಮರುದಿನ ಬೆಳಗ್ಗೆ ಏಳಕ್ಕೆ ದೊಡ್ಡಪ್ಪ ಮನೆಗೇ ಬಂದರು. ನಿನ್ನೆ ಕಾಣಲಿಲ್ಲ, ಜ್ವರವೋ ಸಿಟ್ಟೋ ಕೇಳಲು. ಅವರು ಎದ್ದು ಹೋಗುವಾಗ ಎಂಟೂಕಾಲು.

ಹಾಗಾದರೆ ಹೊಣೆಗಾರರು ಯಾರು? ಈರಣ್ಣ ಇಳಿಯುವವನು ಮಾತ್ರ. ಇಳಿಸುವವರು ಬೇರೆ ಇದ್ದಾರೆ. ನಾನು ಆ ಸಂಜೆಯೇ ಮಾಸ್ತರ ಮನೆಗೆ ಹೋದೆ. ಮಾತನ್ನು ಮನಸ್ಸಿನಲ್ಲೇ ಅರ್ಜಿಯ ರೂಪದಲ್ಲಿ ಸಿದ್ಧಮಾಡಿಕೊಂಡಿದ್ದೆ. ‘ಮಾನ್ಯರೇ’ ಎಂಬ ಭಾಗ ಮುಗಿದು ದನಿ ಏರಿಸುವ ಭಾಗಕ್ಕೆ ಬರುವ ಮೊದಲೇ ಅವರು ಕೈಯೆತ್ತಿ ತಡೆದರು.

“ಇಳಿ ಅಂತ ನಾ ಎಂದ ಹೇಳೇನೋ ಮಾರಾಯಾ? ಡಾಕ್ಟರು ನನಗ ಏನ ಹೇಳ್ಯಾರ ಗೊತ್ತೈತೇನು? ಅರ್ಧಾ ತಾಸು ಎಲ್ಲೂ ನಿಲ್ಲದಂಗ ನಡೀಬೇಕಂತ. ನಡುವ ನಿಂತ್ರ ನಡದದ್ದೆಲ್ಲಾ ವ್ಯರ್ಥ ಅಂತ. ಅಂವ ಬಂದು ಧುಮ್ಮಂತ ಇಳದ್ರ ನಾ ಹೆಂಗ ನಿಲ್ಲದ ಹೋಗ್ಲಿ?”

“ಹಂಗಾರ ಇಳೀಬ್ಯಾಡ ಅಂತ ಹೇಳಿಬಿಡ್ರಿ ಸರ್.”

“ಹೆಂಗ ಹೇಳ್ಲಿ? ಇನ್ನ ಇಳೀಬ್ಯಾಡ ಅಂದ್ರ, ಇಷ್ಟ ದಿನ ಇಳಿದಿದ್ದು ನನಗ ತ್ರಾಸಾಗಿತ್ತು ಅಂದಂಗ ಆಗೂದಿಲ್ಲೇನು? ಹುಡುಗ ನೊಂದಗೋತಾನ.”

ಎದ್ದು ಬಂದೆ. ಇಂಥ ಅಪರಾಧದಲ್ಲಿ ಆರೋಪಿಯನ್ನು ಹುಡುಕುವುದು ಹೇಗೆ? ಇಳಿಯುವವನಿಗೆ ಇಳಿಯುವುದು ಬೇಡ, ಇಳಿಸಿಕೊಳ್ಳುವವರಿಗೆ ಇಳಿಸಿಕೊಳ್ಳುವುದು ಬೇಡ. ಆದರೂ ಪ್ರತಿದಿನ ಬೆಳಗ್ಗೆ ಇಬ್ಬರೂ ರಸ್ತೆಯ ನಡುವೆ ನಿಂತು, ಒಬ್ಬರ ಆರೋಗ್ಯವನ್ನೂ ಇನ್ನೊಬ್ಬರ ನೌಕರಿಯನ್ನೂ ಪರಸ್ಪರ ಗೌರವಪೂರ್ವಕವಾಗಿ ಹಾಳುಮಾಡುತ್ತಾರೆ. ನನಗೆ ಯಾರ ಮೇಲಾದರೂ ಕೂಗಾಡಬೇಕಾಗಿತ್ತು. ಯಾರೂ ಸಿಗದೆ ನನ್ನ ಸೈಕಲ್ಲಿನ ಬೆಲ್ಲನ್ನು ಮನೆಯವರೆಗೂ ಬಾರಿಸುತ್ತ ಹೋದೆ.

ಆ ಶುಕ್ರವಾರ ನನಗೊಂದು ಪತ್ರ ಬಂತು. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಅರ್ಜಿಗೆ ಉತ್ತರ. ಬರುವ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಸದರಿ ಗ್ರಂಥಾಲಯದಲ್ಲಿ ಪರಿಶೀಲನೆ. ದೂರುದಾರರು ಖುದ್ದು ಹಾಜರಿದ್ದು ಹೇಳಿಕೆ ನೀಡತಕ್ಕದ್ದು. ಈರಣ್ಣನಿಗೆ ತೋರಿಸಿದೆ. ಅವನು ಓದಿ, ಮಡಚಿ, ನನಗೆ ಹಿಂದಿರುಗಿಸಿ, “ಸೀರಿ ಮಡಚೂದು ಏನ ಅಷ್ಟ ಕಷ್ಟಿಲ್ಲ ಬಿಡು,” ಎಂದ.

ಭಾನುವಾರ ಮಧ್ಯಾಹ್ನದವರೆಗೂ ನನಗೆ ಏನೂ ಹೊಳೆಯಲಿಲ್ಲ. ಲಕ್ಷ್ಮೇಶ್ವರದಲ್ಲಿ ಯಾರದೋ ಮನೆಯ ಕಾರ್ಯಕ್ಕೆ ಹೊರಟಿದ್ದ ನನ್ನ ಅವ್ವ, ಜೊತೆಗೆ ಬರಲೇ ಎಂದು ಸೌಜನ್ಯಕ್ಕೆ ಕೇಳಿದ ನನಗೆ, “ಎಲ್ಲಾರೂ ಯಾಕ? ಮನಿಗೊಬ್ಬರು ಹೋಗಿ ಬಂದ್ರ ಆತು,” ಎಂದಳು. ಮದುವೆಯಿರಲಿ, ಸತ್ತವರ ಮಣ್ಣಿರಲಿ, ನಮ್ಮ ಸೀಮೆಯಲ್ಲಿ ಇದು ಅಲಿಖಿತ ಕಾನೂನು. ಮನೆಗೊಬ್ಬರು ಮುಖ ತೋರಿಸಿದರೆ ಇಡೀ ಮನೆತನ ಬಂದುಹೋದಂತೆ. ನಾನು ಉಣ್ಣುವ ತಾಟು ಬಿಟ್ಟು ಎದ್ದೆ.

ಸೋಮವಾರ ಏಳೂಕಾಲಿಗೆ ಇಬ್ಬರೂ ಹೊರಟೆವು. ಯೋಜನೆ ಸರಳ: ಹಿರಿಯರು ಕಂಡಲ್ಲಿ ನಾನು ಇಳಿಯುವುದು, ಈರಣ್ಣ ತಲೆ ಬಾಗಿಸಿ ಮುಂದೆ ಹೋಗುವುದು. ಅವನಿಗೆ ಧೈರ್ಯವಿರಲಿಲ್ಲ. ದೊಡ್ಡಪ್ಪನ ಅಂಗಡಿ ಬಂದಾಗ ಅವನ ಬಲಗಾಲು ತಾನಾಗಿಯೇ ಮೇಲೆದ್ದಿತು. “ಕಾಲು ಇಳಿಸು,” ಎಂದು ಹಲ್ಲುಕಚ್ಚಿ ಹೇಳಿ, ನಾನು ಮುಂದೆ ಹೋಗಿ ಧೊಪ್ಪನೆ ಇಳಿದೆ.

“ನಮಸ್ಕಾರ್‍ರಿ ದೊಡ್ಡಪ್ಪಾರ. ಈರಣ್ಣಂದೂ ಸೇರಿ.”

ಅವರು ದೂರ ಸಾಗುತ್ತಿದ್ದ ತಮ್ಮನ ಮಗನನ್ನು ನೋಡಿದರು. “ಅವಂಗೇನಾಗೈತಿ?”

“ನೌಕರಿ ಉಳೀಬೇಕಾಗೈತ್ರಿ. ಒಂಬತ್ತಕ್ಕ ಸಾಹೇಬ್ರು ಬರ್ತಾರ. ಅವನ ಪಾಲಿಂದು ನಾ ಇಳದೇನ್ರಿ. ಮನಿಗೊಬ್ಬರು ಅಂತ.”

ದೊಡ್ಡಪ್ಪನ ಹಣೆಯ ಮೇಲಿನ ಗೆರೆಗಳು ಒಮ್ಮೆ ಕೂಡಿ, ಮತ್ತೆ ಬಿಡಿಯಾದವು. “ಖರೆ. ಮನಿಗೊಬ್ಬರು ನಿಂತ್ರ ಆತು. ಮೊದಲ ಹೇಳೂದಲ್ಲೇನು?” ಎಂದರು. ನಾನು ಗೆದ್ದೆ ಎಂದುಕೊಂಡು ಪೆಡಲಿಗೆ ಕಾಲಿಟ್ಟೆ. “ಅಷ್ಟ ಲಗೂ ಹೊಂಟಿ? ಕುಂದರು.”

ಪ್ರಾತಿನಿಧ್ಯದ ಈ ಭಾಗವನ್ನು ನಾನು ಯೋಚಿಸಿರಲಿಲ್ಲ. ನಮಸ್ಕಾರ ಸಲ್ಲಿಸುವ ಹಕ್ಕಿನ ಜೊತೆಗೆ, ಈರಣ್ಣನಿಗೆ ಸಲ್ಲಬೇಕಾದದ್ದೆಲ್ಲವನ್ನೂ ಸ್ವೀಕರಿಸುವ ಹೊಣೆಯೂ ನನ್ನದಾಗಿತ್ತು. ಅವನ ಚಹಾ ಕುಡಿದೆ. ಅವನ ಆರೋಗ್ಯ ಹೇಳಿದೆ. ಮುಂಡರಗಿಯ ಹುಡುಗಿಯ ವಿಷಯ ಬಂತು.

“ಅಕಿದು ಎಂ.ಎ. ಆಗೈತಂತ. ನಡೀತೈತೇನು?”

“ನಡೀತೈತ್ರಿ,” ಎಂದೆ. ಗೆಳೆಯನ ಮದುವೆಯನ್ನು ಅವನಿಲ್ಲದೆ ಅರ್ಧ ನಿಶ್ಚಯ ಮಾಡಿ ಎದ್ದಾಗ ಏಳೂಮುಕ್ಕಾಲು.

ಚಿಕ್ಕಪ್ಪನ ಬಳಿ ಮತ್ತೊಂದು ಚಹಾ. ಸೋದರಮಾವನ ಬಳಿ ಚುರಮುರಿ. ಗುಡಿಗಳಲ್ಲಿ ತೊಂದರೆಯಾಗಲಿಲ್ಲ, ದೇವರ ಮುಂದೆ ಇನ್ನೊಬ್ಬರ ಪರವಾಗಿ ನಿಲ್ಲುವುದು ಹೊಸದಲ್ಲ, ಪೂಜಾರಿಗಳು ಇರುವುದೇ ಅದಕ್ಕೆ. ನಾನು ಮುಂದಿನ ಹಿರಿಯರಿಗೆ ಇಳಿಯಬೇಕೆಂದರೆ ಮೊದಲು ಈರಣ್ಣನನ್ನು ಹಿಂದೆ ಹಾಕಬೇಕಿತ್ತು. ಪೇಟೆ ಮುಗಿಯುವಷ್ಟರಲ್ಲಿ ಅದು ಅಸಾಧ್ಯವೆಂದು ತಿಳಿದು, ಅವನು ಆಗಲೇ ದಾಟಿಹೋದ ಹಿರಿಯರ ಮುಂದೆ ತಡವಾಗಿ ಇಳಿಯತೊಡಗಿದೆ. ಅದೂ ನಡೆಯಿತು. ಎಲ್ಲರೂ ಮನೆಗೊಬ್ಬರೆಂಬ ಮಾತಿಗೆ ತಲೆಯಾಡಿಸಿದರು. ಯಾರೂ ಸುಮ್ಮನೆ ಬಿಡಲಿಲ್ಲ. ಗದಗಿನ ಹೊರಗಿನ ತಿರುವಿನಲ್ಲಿ ಮಾಸ್ತರು ಸಿಕ್ಕರು.

“ಈರಣ್ಣ ತಲಿ ಬಾಗಿಸಿ ಹಂಗ ಹೋದ. ಚೊಲೊ ಆತು,” ಎಂದರು. ಅವರ ಮುಖದಲ್ಲಿ ನಿಜವಾದ ನೆಮ್ಮದಿಯಿತ್ತು. “ಈಗ ನೀ ಯಾಕ ಇಳದಿ?”

“ಅವನ ಬದ್ಲಿ ರೀ.”

“ಅಂವ ಇಳೀಬಾರದು ಅಂತ ಮನಿತನಕಾ ಬಂದು ಜಗಳಾ ತಗದಾಂವ ನೀನ ಹೌದಲ್ಲೋ?” ಅವರು ನಿಲ್ಲಲಿಲ್ಲ, ಡಾಕ್ಟರ ಮಾತು ಪಾಲಿಸುತ್ತ ನಡೆದರು. ಮಾತಿನ ನಡುವೆ ಗುರುವನ್ನು ಬಿಟ್ಟು ಸೈಕಲ್ಲು ಹತ್ತುವುದು ಹೇಗೆ? ಅವರ ಪಕ್ಕದಲ್ಲಿ ಸೈಕಲ್ಲು ತಳ್ಳುತ್ತ, ಹಳ್ಳಿಗೆ ವಿರುದ್ಧ ದಿಕ್ಕಿನಲ್ಲಿ, ಅವರ ಓಣಿಯ ಬಾಯಿಯವರೆಗೂ ನಡೆದೆ. ನನಗೆ ಯಾರೂ ಒತ್ತಾಯ ಮಾಡಿರಲಿಲ್ಲ. ಆ ನಡಿಗೆಯಲ್ಲಿ ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲವೆಂಬುದು ಈಗ ನೆನೆಸಿಕೊಂಡರೆ ಸಿಟ್ಟು ಬರುತ್ತದೆ.

ಹಳ್ಳಿ ಮುಟ್ಟಿದಾಗ ಒಂಬತ್ತು ನಲವತ್ತು. ಗ್ರಂಥಾಲಯದ ಮುಂದೆ ಜೀಪು ನಿಂತಿತ್ತು. ಒಳಗೆ ಮೇಜಿನ ಮೇಲೆ ಪತ್ರಿಕೆಗಳು ಹರವಿದ್ದವು. ನಾಲ್ಕಾರು ಜನ ಓದುತ್ತಿದ್ದರು. ಈರಣ್ಣ ಕೈಕಟ್ಟಿ ನಿಂತಿದ್ದ. ಅವನ ಅಂಗಿಯ ಬೆವರು ಆರಿತ್ತು, ಅಂದರೆ ಅವನು ಬಂದು ಬಹಳ ಹೊತ್ತಾಗಿತ್ತು. ಕುರ್ಚಿಯಲ್ಲಿ ಕುಳಿತ ಅಧಿಕಾರಿ ನನ್ನ ಎರಡು ಪುಟದ ಅರ್ಜಿಯನ್ನು ಮುಂದಿಟ್ಟುಕೊಂಡು ಗಡಿಯಾರ ನೋಡಿದರು.

“ದೂರುದಾರರು ನೀವೇನ್ರಿ? ಒಂಬತ್ತಕ್ಕ ಬರ್‍ರಿ ಅಂತ ಬರದಿದ್ವಿ.”

“ದಾರ್‍ಯಾಗ ಸ್ವಲ್ಪ ಆತ್ರಿ,” ಎಂದೆ.

ಅವರು ಟೈಪು ಮಾಡಿದ ಹಾಳೆಯೊಂದನ್ನು ನನ್ನ ಕಡೆ ಸರಿಸಿದರು. ‘ಈ ದಿನ ಬೆಳಗ್ಗೆ ಒಂಬತ್ತು ಗಂಟೆಗೆ ನಾನು ಖುದ್ದು ಹಾಜರಿದ್ದು, ಗ್ರಂಥಾಲಯದ ಬಾಗಿಲು ತೆರೆದಿರುವುದನ್ನು ಕಣ್ಣಾರೆ ಕಂಡಿರುತ್ತೇನೆ.’ ಕೆಳಗೆ ಸಹಿಗೆ ಜಾಗ. “ನಾ ಬಂದಾಗ ಒಂಬತ್ತೂವರಿ. ಅಂವ ಎಂಟೂ ಮುಕ್ಕಾಲಕ್ಕ ಬಂದೇನಿ ಅಂತಾನ. ನೀವು ಸಹಿ ಮಾಡಿದ್ರ ಫೈಲ್ ಮುಚ್ಚತೇನಿ. ಇಲ್ಲಂದ್ರ ಮ್ಯಾಲೆ ಕಳಿಸಬೇಕಾಗತೈತಿ.”

ಪೆನ್ನು ಕೈಯಲ್ಲಿತ್ತು. ಸಹಿ ಮಾಡಿದರೆ ಗೆಳೆಯನ ನೌಕರಿ ಉಳಿಯುತ್ತದೆ. ಆದರೆ ಒಂಬತ್ತಕ್ಕೆ ನಾನು ಕಂಡದ್ದು ಈ ಬಾಗಿಲನ್ನಲ್ಲ, ಮಾಸ್ತರ ಓಣಿಯನ್ನು. ಇಂಥ ಸುಳ್ಳು ಸಹಿಗಳ ಮೇಲೆ ಎಷ್ಟು ಅರ್ಜಿ ಬರೆದಿಲ್ಲ ನಾನು? ಈರಣ್ಣನ ಕಡೆ ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ಕಿಟಕಿಯಿಂದ ತನ್ನ ಕರಿ ಸೈಕಲ್ಲನ್ನು ನೋಡುತ್ತಿದ್ದ.

ನಾನು ಆ ವಾಕ್ಯವನ್ನು ಹೊಡೆದುಹಾಕಿ ಕೆಳಗೆ ಬರೆದೆ: ‘ನಾನು ಬಂದದ್ದು ಒಂಬತ್ತು ನಲವತ್ತಕ್ಕೆ. ಮೇಲ್ವಿಚಾರಕರು ಏಳೂಕಾಲಿಗೆ ನನ್ನೊಂದಿಗೆ ಸೈಕಲ್ಲಿನಲ್ಲಿ ಹೊರಟು, ಎಲ್ಲಿಯೂ ಇಳಿಯದೆ ಮುಂದೆ ಸಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ದಾರಿಯಲ್ಲಿ ಅವರು ಹಾದುಹೋದದ್ದಕ್ಕೆ ಬೆಟಗೇರಿ ಮತ್ತು ಗದಗಿನ ಹನ್ನೊಂದು ಕಡೆಯವರು ಸಾಕ್ಷಿ ಹೇಳಬಲ್ಲರು. ಇಂದು ತಡವಾಗಿ ಬಂದವನು ನಾನೊಬ್ಬನೇ.’

ಅಧಿಕಾರಿ ಎರಡು ಸಲ ಓದಿದರು. ಆಮೇಲೆ ಓದುತ್ತಿದ್ದವರ ಕಡೆ ತಿರುಗಿ, “ನೀವು ಎಷ್ಟಕ್ಕ ಬಂದ್ರಿ?” ಎಂದರು. ಪತ್ರಿಕೆ ಹಿಡಿದಿದ್ದ ಒಬ್ಬ ಅಜ್ಜ, ತಲೆ ಎತ್ತದೆ, “ನಾ ಬಂದಾಗ ಒಂಬತ್ತ ಹೊಡದಿದ್ದಿಲ್ಲ. ಬಾಗಲಾ ತಗದಿತ್ತು. ನನಗ ಗಾಬರಿ ಆತು,” ಎಂದ.

“ಅಂದ್ರ ಈಗ ದೂರು ಯಾರ ಮ್ಯಾಲೆ ಐತಿ?” ಎಂದು ಅಧಿಕಾರಿ ನನ್ನನ್ನು ಕೇಳಿದರು.

“ನನ್ನ ಮ್ಯಾಲೆ ರೀ.”

ಅವರು ಫೈಲು ಮುಚ್ಚಿದರು. ಜೀಪು ಹೋಯಿತು.

ಮಧ್ಯಾಹ್ನ ಇಬ್ಬರೂ ಹಿಂದಿರುಗುವಾಗ ನನ್ನ ಹೊಟ್ಟೆಯಲ್ಲಿ ಆರು ಚಹಾ ಕುಲುಕುತ್ತಿತ್ತು, ತೊಡೆಗಳು ನನ್ನವಲ್ಲವೆನಿಸಿದ್ದವು. ಇಷ್ಟು ಕಾಲ ಹೊಣೆಗಾರಿಕೆಯೆಂದರೆ ಕಾಗದದ ಮೇಲೆ ಇನ್ನೊಬ್ಬನ ಹೆಸರು ಬರೆಯುವುದೆಂದು ತಿಳಿದಿದ್ದೆ. ಅದಕ್ಕೆ ಕಾಲುನೋವಿದೆ ಎಂದು ಯಾವ ವಿಶ್ವವಿದ್ಯಾಲಯವೂ ಹೇಳಿರಲಿಲ್ಲ. ಆದರೂ ಕೆಲಸ ಮುಗಿದಿತ್ತು. ಗೆಳೆಯ ಇಳಿಯದೆ ಹೋಗುವುದನ್ನು ಕಲಿತಿದ್ದ, ಹಿರಿಯರು ಒಪ್ಪಿದ್ದರು, ನಾನು ನಾಳೆಯಿಂದ ನನ್ನ ಮೇಜಿಗೆ ಮರಳಬಹುದಿತ್ತು. ಹಾಗೆಂದು ಹೇಳಿದೆ.

ಈರಣ್ಣ ತನ್ನ ಸೈಕಲ್ಲನ್ನು ನನ್ನ ಪಕ್ಕಕ್ಕೆ ತಂದ.

“ಒಂದ ಮಾತು ಕೇಳಲೇ. ನಾಳೆ ನೀ ಬರಲಿಲ್ಲಂದ್ರ ಎಲ್ಲಾರೂ ನಿನ್ನ ಸುದ್ದಿ ಕೇಳ್ತಾರ. ಅವಂಗ ಏನಾತು, ಆರಾಮಿಲ್ಲೇನು ಅಂತ. ಅದನ್ನ ಹೇಳಾಕ ನಾ ಇಳೀಬೇಕಾಗತೈತಿ.”

ನಾನು ಮನೆಗೆ ಹೋಗಿ, ಸೈಕಲ್ಲಿನ ಎರಡೂ ಗಾಲಿಗಳಿಗೆ ಗಾಳಿ ಹೊಡೆದು, ಬೆಳಗಿನ ಆರೂವರೆಗೆ ಅಲಾರಾಂ ಇಟ್ಟೆ.